ನಮ್ಮ ಗಿರಾಕಿ ಮತ್ತು ಒಂದು ಅಂಟುಮೀಸೆ

ಮೊನ್ನೆ ಗುರುತಿನ ಚೀಟಿ ಹುಡುಕುತ್ತಿದ್ದೆ. ಬಹರೇನಿನಲ್ಲಿ ಅದನ್ನು ಎಲ್ಲರೂ ಸಿಪಿಆರ್ ಎನ್ನುತ್ತಾರೆ. ಅದಿಲ್ಲದಿದ್ದರೆ ಫೋನಿನ ಸಿಮ್ಮೂ ಇಲ್ಲ, ಡಾಕ್ಟರೂ ಇಲ್ಲ. ಕಳೆದುಹೋಯಿತೆಂದು ಅಳಲಿಕ್ಕೆ ಕಚೇರಿಗೆ ಹೋದರೆ ಅಲ್ಲಿಯೂ ಮೊದಲು ಅದನ್ನೇ ಕೇಳುತ್ತಾರೆ. ಡ್ರಾಯರಿನ ತಳದಲ್ಲಿ ಹಳೆಯ ಕನ್ನಡಕದ ಡಬ್ಬಿಯೊಂದು ಸಿಕ್ಕಿತು. ತೆರೆದರೆ ಒಳಗೆ ಬೂದುಬಣ್ಣದ, ರೋಮರೋಮವಾದ ಏನೋ ಒಂದು ಮಗ್ಗುಲಾಗಿ ಮಲಗಿತ್ತು. ಕಂಬಳಿಹುಳುವೆಂದು ಹೆದರಿ ಡಬ್ಬಿಯನ್ನು ಹಾಸಿಗೆಯ ಮೇಲೆ ಎಸೆದೆ. ಆಮೇಲೆ ನೆನಪಾಯಿತು, ಅದು ನನ್ನದೇ ಮೀಸೆ.

ಮೂವತ್ತರ ಹತ್ತಿರ ಬಂದಿರುವ, ಇಲ್ಲಿನ ಸೀಫ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರಗಳ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಹೆಣ್ಣುಮಗಳೊಬ್ಬಳು ಇಷ್ಟು ಖಚಿತವಾಗಿ ‘ನನ್ನ ಮೀಸೆ’ ಎನ್ನಬೇಕಾದರೆ ಸ್ವಲ್ಪ ವಿವರಣೆ ಬೇಕಾಗುತ್ತದೆ. ಆ ವಿವರಣೆ ಶುರುವಾಗುವುದು ನನ್ನಿಂದಲ್ಲ, ಒಬ್ಬ ಇಂಗ್ಲಿಷ್ ನಟರಿಂದ.

ನೀವೂ ಅವರನ್ನು ನೋಡಿರುತ್ತೀರಿ. ನೋಡಿದ್ದು ನಿಮಗೆ ಗೊತ್ತಿರುವುದಿಲ್ಲ, ಅಷ್ಟೆ. ಇಂಗ್ಲೆಂಡಿನ ಯಾವುದೋ ಪತ್ತೇದಾರಿ ಧಾರಾವಾಹಿಯಲ್ಲಿ ಹೆಣ ಸಿಕ್ಕ ಮನೆಗೆ ಇನ್‌ಸ್ಪೆಕ್ಟರು ಬಂದಾಗ ಬಾಗಿಲು ತೆರೆಯುತ್ತಾರಲ್ಲ, ಅವರು. ಅದಾದ ವಾರದಲ್ಲಿ ಬೇರೆ ಚಾನೆಲ್ಲಿನ ಬೇರೆ ಕಥೆಯಲ್ಲಿ ಹಳ್ಳಿಯ ಚರ್ಚಿನ ಪಾದ್ರಿಯಾಗಿ ಚಹಾ ಸೋಸುವವರೂ ಅವರೇ. ರೈಲಿನ ಟಿಕೆಟ್ ಕಲೆಕ್ಟರ್, ರಾಜನ ವೈದ್ಯ, ‘ಅಂಗಡಿ ಮುಚ್ಚಿದೆ’ ಎಂದಷ್ಟೇ ಹೇಳಿ ಬಾಗಿಲೆಳೆಯುವ ಅಂಗಡಿಯವ, ಮಕ್ಕಳ ಕಥೆಯೊಂದರಲ್ಲಿ ಅಟ್ಟದ ಮೇಲಿನ ದೆವ್ವ. ನಾಯಕ ಅವರೊಡನೆ ಮಾತಾಡುತ್ತಾನೆ, ಮುಂದೆ ಹೋಗುತ್ತಾನೆ. ಕ್ಯಾಮೆರಾ ಕೂಡ ನಾಯಕನ ಹಿಂದೆಯೇ ಹೋಗಿಬಿಡುತ್ತದೆ. ಅವರು ಬಾಗಿಲ ಹತ್ತಿರ ಉಳಿಯುತ್ತಾರೆ.

ಅವರ ಹೆಸರು ನನಗೆ ಗೊತ್ತಿದೆ. ಬರೆಯುವುದಿಲ್ಲ. ಇಷ್ಟು ವರ್ಷ ಇಷ್ಟು ಶ್ರದ್ಧೆಯಿಂದ ಗುರುತು ತಪ್ಪಿಸಿಕೊಂಡು ಬದುಕಿದ ಮನುಷ್ಯರನ್ನು ಅರಬ್ಬೀ ಕೊಲ್ಲಿಯ ಒಂದು ಫ್ಲ್ಯಾಟಿನಲ್ಲಿ ಕುಳಿತು ಹಿಡಿದುಕೊಡುವುದು ನನಗೆ ಒಪ್ಪುವ ಕೆಲಸವಲ್ಲ. ನಮ್ಮ ಮನೆಯಲ್ಲಿ ಅವರಿಗೆ ‘ಗಿರಾಕಿ’ ಎಂದೇ ಹೆಸರು. ಇಟ್ಟವರು ಅಪ್ಪ. ಅಪ್ಪ ಹುಬ್ಬಳ್ಳಿಯವರು. ಅವರ ಬಾಯಲ್ಲಿ ಗಿರಾಕಿ ಎಂದರೆ ಎಲ್ಲಿ ಹೋದರೂ ಎದುರಾಗುವ ಮೋಜಿನ ಆಸಾಮಿ.

ನಾನು ಚಿಕ್ಕವಳಿದ್ದಾಗಲೂ ನಾವು ಇಲ್ಲಿನ ಜುಫೈರ್ ಬಡಾವಣೆಯಲ್ಲೇ ಇದ್ದೆವು. ಈಗಿನಷ್ಟು ಎತ್ತರದ ಕಟ್ಟಡಗಳು ಆಗ ಇರಲಿಲ್ಲ. ನಮ್ಮ ಕಿಟಕಿಯಿಂದ ಸಮುದ್ರದ ಒಂದು ತುಂಡು ಕಾಣುತ್ತಿತ್ತು. ನಂತರ ಎದುರಿಗೊಂದು ಹೋಟೆಲು ಎದ್ದು ಆ ತುಂಡನ್ನು ತಾನೇ ಇಟ್ಟುಕೊಂಡಿತು. ಅಪ್ಪನದು ದೊಡ್ಡ ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಯಂತ್ರಗಳ ಕೆಲಸ. ಹೀಗಾಗಿ ಮನೆಯ ಎ.ಸಿ.ಯ ಕೆಳಗೆ ಕುಳಿತರೂ ಅವರ ಕಿವಿ ಡ್ಯೂಟಿ ಬಿಡುತ್ತಿರಲಿಲ್ಲ. ‘ಕಂಪ್ರೆಸರ್ ಕೆಮ್ಮಾಕತ್ತೈತಿ’ ಎಂದು ಊಟದ ನಡುವೆ ಎದ್ದು ಹೋಗಿ ಗೋಡೆಗೆ ಕಿವಿ ಹಚ್ಚುವರು. ಅವರ ಮನಸ್ಸು ಆ ಸದ್ದನ್ನು ಮರೆಯುತ್ತಿದ್ದದ್ದು ಶುಕ್ರವಾರ ಸಂಜೆ ಮಾತ್ರ. ಆಗ ಇಂಗ್ಲಿಷ್ ಧಾರಾವಾಹಿಗಳು ಬರುತ್ತಿದ್ದವು. ಇಂಗ್ಲಿಷು ಸುಧಾರಿಸಲಿ ಎಂಬ ನೆಪದಲ್ಲಿ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ನನ್ನ ಇಂಗ್ಲಿಷು ಸುಧಾರಿಸಿತು. ಅಪ್ಪನದು ಈಗಲೂ ಹುಬ್ಬಳ್ಳಿಯ ದಾರಿಯಲ್ಲೇ ಇದೆ.

ನಮ್ಮ ಆಟದ ನಿಯಮ ಸರಳ. ಗಿರಾಕಿಯನ್ನು ಮೊದಲು ಕಂಡುಹಿಡಿದವರು ಗೆದ್ದಂತೆ. ಗೆಲ್ಲುತ್ತಿದ್ದವರು ಯಾವಾಗಲೂ ಅಪ್ಪನೇ.

“ಬಂದ ನೋಡು ನಮ್ಮ ಗಿರಾಕಿ!” ಎಂದು ಅಪ್ಪ ಸೋಫಾದಿಂದ ಅರ್ಧ ಎದ್ದು ಕೂಗುವರು.

ಅಮ್ಮನಿಗೆ ಎಂದೂ ಗುರುತು ಸಿಗುತ್ತಿರಲಿಲ್ಲ. ಹುರುಳಿಯೋ ಹೆಸರೋ ಏನನ್ನಾದರೂ ಆರಿಸುತ್ತ ಕನ್ನಡಕದ ಮೇಲಿನಿಂದ ನೋಡುವರು. “ಯಾಂವ? ಇಂವನ? ಅಂವಂಗ ಗಡ್ಡ ಇತ್ತಲ್ರಿ.”

“ಗಡ್ಡ ಬೋಳಿಸ್ಯಾನ.”

“ಎತ್ತರ ಇದ್ನಲ್ರಿ.”

“ಎತ್ತರಾನೂ ಬೋಳಿಸ್ಯಾನ. ಸುಮ್ಮ ನೋಡು.”

ಒಮ್ಮೆ ಬಾಹ್ಯಾಕಾಶದ ಕಥೆಯಲ್ಲಿ ಅವರ ಮೈಗೆಲ್ಲ ನೀಲಿ ಬಣ್ಣ ಬಳಿದು ಕಿವಿಗೆ ಮೀನಿನ ರೆಕ್ಕೆಯಂಥದ್ದನ್ನು ಅಂಟಿಸಿದ್ದರು. ಕಣ್ಣು ಬಿಟ್ಟರೆ ಮನುಷ್ಯನ ಅಂಶವೇ ಇರಲಿಲ್ಲ. ಆ ನೀಲಿ ಪ್ರಾಣಿ ಸಿಂಹಾಸನದಂಥ ಒಂದರ ಮೇಲೆ ಕೂರುವಾಗ, ಉದ್ದ ನಿಲುವಂಗಿಯನ್ನು ಮೊಣಕಾಲಿನ ಹತ್ತಿರ ಚೂರು ಮೇಲಕ್ಕೆ ಜಗ್ಗಿಕೊಂಡಿತು, ಪ್ಯಾಂಟಿನ ಇಸ್ತ್ರಿ ಕೆಡಬಾರದೆಂದು ಹಳೆಯ ಕಾಲದ ಗಂಡಸರು ಮಾಡುತ್ತಿದ್ದರಲ್ಲ, ಹಾಗೆ. ಅಪ್ಪ ಚಪ್ಪಾಳೆ ಹೊಡೆದರು. ಇನ್ನೊಮ್ಮೆ ಕ್ರಿಸ್‌ಮಸ್ ವಿಶೇಷದಲ್ಲಿ ಅವರು ಹೆಂಗಸಾಗಿ ಬಂದಿದ್ದರು, ದೊಡ್ಡ ಬಂಗಲೆಯ ಅಡುಗೆಯ ಮುಖ್ಯಸ್ಥೆ. ಕೋಳಿಯ ಪುಕ್ಕ ತರಿಯುತ್ತ ಎಲ್ಲರನ್ನೂ ಬೈಯುತ್ತಿದ್ದರು. ಅದನ್ನು ಅಪ್ಪ ಕೂಡ ಕಂಡುಹಿಡಿಯಲಿಲ್ಲ. ಕೊನೆಯಲ್ಲಿ ಹೆಸರುಗಳು ಓಡುವಾಗ ನೋಡಿ ದಂಗಾಗಿ, ಒಂದು ವಾರ ಅದನ್ನೇ ಹೇಳುತ್ತಿದ್ದರು. ಮತ್ತೊಂದು ಕಥೆಯಲ್ಲಿ ಗ್ರಂಥಾಲಯದ ನೆಲದ ಮೇಲೆ ಮಲಗಿದ ಹೆಣವೂ ಗಿರಾಕಿಯೇ ಎಂದು ಅಪ್ಪ ವಾದ ಮಾಡಿದರು. ಮುಖ ತೋರಿಸಿರಲಿಲ್ಲ. ಬೂಟು ಮಾತ್ರ ಕಾಣುತ್ತಿತ್ತು.

“ಪಾದ ನೋಡಿ ಹೆಂಗ ಹೇಳ್ತೀರಿ?” ಎಂದು ಅಮ್ಮ.

“ಎಷ್ಟು ಮರ್ಯಾದಿಲೆ ಸತ್ತಾನ ನೋಡು. ಅಂವನ.”

ನನಗೆ ಆ ಮನುಷ್ಯರ ಮೇಲೆ ಪ್ರೀತಿ ಬಂದದ್ದು ಬೇರೆ ಕಾರಣಕ್ಕೆ. ನಾನು ಚಿಕ್ಕಂದಿನಿಂದಲೂ ಯಾರ ಕಣ್ಣಿಗೂ ಬೀಳದಿದ್ದರೆ ಸುಖವಾಗಿರುವ ಜಾತಿ. ಶಾಲೆಯ ಗುಂಪುಚಿತ್ರದಲ್ಲಿ ನಾನಿದ್ದೇನೆ ಎಂಬುದಕ್ಕೆ ಪುರಾವೆ ಎಂದರೆ ಎತ್ತರದ ಹುಡುಗಿಯೊಬ್ಬಳ ಭುಜದ ಹಿಂದೆ ಕಾಣುವ ಒಂದು ರಿಬ್ಬನ್ನು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಎಷ್ಟು ಮೆಲ್ಲಗೆ ಉತ್ತರಿಸುತ್ತಿದ್ದೆನೆಂದರೆ ಪಕ್ಕದವಳು ನನ್ನ ಪರವಾಗಿ ಕೈ ಎತ್ತುತ್ತಿದ್ದಳು. ನನ್ನಂಥವಳಿಗೆ ಗಿರಾಕಿ ಒಂದು ದಾರಿ ತೋರಿಸಿದರು. ಸಾವಿರಾರು ಜನರ ಮುಂದೆ ನಿಂತೂ ಮನುಷ್ಯ ತಾನು ಕಾಣದೆ ಇರಬಹುದು. ಅವರು ಶೂಟಿಂಗ್ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಹಾಲು ಕೊಳ್ಳುವುದನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಕ್ಯೂನಲ್ಲಿ ನಿಂತಿದ್ದಾರೆ. ಯಾರೂ ತಿರುಗಿ ನೋಡುವುದಿಲ್ಲ. ಬೆಳಿಗ್ಗೆ ಒಬ್ಬನಿಗೆ ವಿಷ ಹಾಕಿ ಬಂದ ಕೈಯಲ್ಲಿ ಚಿಲ್ಲರೆ ಎಣಿಸುತ್ತಿದ್ದಾರೆ. ಎಂಥ ನೆಮ್ಮದಿ!

ಈಚೆಗೆ ಒಂದು ಹೊಸ ಧಾರಾವಾಹಿಯಲ್ಲಿ ಅವರಿಗೆ ದೊಡ್ಡ ಪಾತ್ರ ಸಿಕ್ಕಿತು, ಮೊದಲ ಕಂತಿನಿಂದ ಕೊನೆಯವರೆಗೂ ಇರುವ ಅಜ್ಜ. ಪೋಸ್ಟರಿನಲ್ಲೂ ಮುಖ. ನಾನು ಖುಷಿಪಟ್ಟೆ. ಅಪ್ಪನಿಗೆ ಸಮಾಧಾನವಾಗಲಿಲ್ಲ. “ಇನ್ನ ಎಲ್ಲಾರೂ ಗುರ್ತ ಹಿಡೀತಾರ. ನಮ್ದೇನು ಉಳೀತು?” ಎಂದು ರಿಮೋಟನ್ನು ಅಮ್ಮನ ಕೈಗೆ ಕೊಟ್ಟು ಎದ್ದುಹೋದರು.

ಇರಲಿ, ಮೀಸೆಗೆ ಬರುತ್ತೇನೆ.

ಇಲ್ಲಿ ನಮ್ಮವರದೊಂದು ಸಣ್ಣ ನಾಟಕ ತಂಡವಿದೆ. ಚಳಿಗಾಲದಲ್ಲಿ ಒಂದು ಹಾಲ್ ಬಾಡಿಗೆ ಹಿಡಿದು ಒಂದು ನಗೆನಾಟಕ ಆಡುತ್ತಾರೆ. ಅದರ ನಿರ್ದೇಶಕರು ಲ್ಯಾನ್ಸಿ ಅಂಕಲ್. ಕುಂದಾಪುರದ ಕಡೆಯವರು, ಹಗಲು ಜುಫೈರಿನ ಹೋಟೆಲೊಂದರಲ್ಲಿ ಔತಣಕೂಟಗಳ ಉಸ್ತುವಾರಿ. ಐನೂರು ಜನರ ಊಟವನ್ನು ಬೆವರದೆ ನಿಭಾಯಿಸುವ ಅವರು ಎಂಟು ಜನರ ನಾಟಕಕ್ಕೆ ಬೆವರಿ ತೊಪ್ಪೆಯಾಗುತ್ತಾರೆ. ನಾನು ಆ ತಂಡದ ಪ್ರಾಂಪ್ಟರ್. ಪರದೆಯ ಪಕ್ಕದಲ್ಲಿ ಕುಳಿತು, ಮಾತು ಮರೆತವರಿಗೆ ಮುಂದಿನ ಸಾಲನ್ನು ಪಿಸುಗುಟ್ಟುವವಳು. ನನ್ನ ಸ್ವಭಾವಕ್ಕೆ ಇದಕ್ಕಿಂತ ಒಪ್ಪುವ ಹುದ್ದೆಯನ್ನು ಯಾರೂ ಸೃಷ್ಟಿಸಿಲ್ಲ.

ಹೋದ ಚಳಿಗಾಲದ ನಾಟಕಕ್ಕೆ ಎರಡು ದಿನವಿರುವಾಗ ಅಮ್ಮ ತಮ್ಮ ಹಸಿರು ಇಳಕಲ್ ಸೀರೆಗೆ ಇಸ್ತ್ರಿ ಮಾಡತೊಡಗಿದರು. ಕೆಂಪು ಸೆರಗಿನ, ಅವರ ಲಗ್ನದ ಕಾಲದ ಸೀರೆ. ನನಗೆ ಅರ್ಥವಾಯಿತು. ಆ ಸೀರೆ ಕಪಾಟಿನಿಂದ ಹೊರಬಂತೆಂದರೆ ಯಾರೋ ನನ್ನನ್ನು ನೋಡಲು ಬರುತ್ತಿದ್ದಾರೆ ಎಂದೇ ಅರ್ಥ.

ನಮ್ಮ ಮೇಲಿನ ಮಹಡಿಯಲ್ಲಿ ರಮಾ ಆಂಟಿ ಇದ್ದಾರೆ. ಬೆಂಗಳೂರಿನವರು. ಈ ದ್ವೀಪದಲ್ಲಿ ಮದುವೆಯಾಗದ ಕನ್ನಡದ ಮಕ್ಕಳು ಎಷ್ಟಿದ್ದಾರೆಂಬುದು ವಲಸೆ ಇಲಾಖೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಹೆಣ್ಣು ನೋಡುವ ಶಾಸ್ತ್ರ ಮನೆಯಲ್ಲಿ ನಡೆಯುವುದು ಕಡಿಮೆ. ಯಾರದೋ ಮಗುವಿನ ಹುಟ್ಟುಹಬ್ಬ, ದೀಪಾವಳಿಯ ಕೂಟ, ನಾಟಕ ಇಂಥ ಕಡೆ ಗಂಡಿನ ಮನೆಯವರು ಬಂದು ದೂರದ ಕುರ್ಚಿಯಲ್ಲಿ ಕುಳಿತು ನೋಡಿಹೋಗುತ್ತಾರೆ. ಒಪ್ಪದಿದ್ದರೆ ಯಾರಿಗೂ ಮುಜುಗರವಿಲ್ಲ. ಮುಂದಿನ ವಾರ ತರಕಾರಿ ಅಂಗಡಿಯಲ್ಲಿ ಎದುರಾದರೆ ನಕ್ಕು ಮುಂದೆ ಹೋಗಬಹುದು.

“ಇದೇನು ಫಾರ್ಮಲ್ ಅಲ್ಲ ರೀ,” ಎಂದು ರಮಾ ಆಂಟಿ ಅಮ್ಮನಿಗೆ ಹೇಳಿದ್ದರಂತೆ. “ಬುಸೈತೀನ್‌ನಲ್ಲಿರೋ ಫ್ಯಾಮಿಲಿ, ದಾವಣಗೆರೆಯವ್ರು. ಹುಡುಗನ ತಾಯಿ ನಾಟಕಕ್ಕೆ ಬರ್ತಾರೆ, ಕ್ಯಾಷುಯಲ್ ಆಗಿ ನೋಡ್ತಾರೆ, ಅಷ್ಟೆ. ಹುಡುಗಿಗೆ ಹೇಳೋದೇ ಬೇಡ. ಹೇಳಿದ್ರೆ ನ್ಯಾಚುರಲ್ ಆಗಿರಲ್ಲ.”

ಅಮ್ಮನಿಗೆ ಗುಟ್ಟು ಮಾಡಲು ಬರುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಎಲ್ಲ ಹೇಳಿದರು. “ಎರಡು ಸಲ ನೀ ಏನೇನೋ ಕಾರಣ ಹೇಳಿ ಬ್ಯಾಡಂದಿ. ಈ ಸಲ ಅವರು ಹೂಂ ಅಂದ್ರ ನೀನೂ ಹೂಂ ಅನ್ನಬೇಕವಾ. ನನಗ ಮಂದಿ ಮುಂದ ಮಾತಿಲ್ಲದಂಗ ಆಗೇತಿ.”

ನನಗೆ ಮದುವೆಯ ಮೇಲೆ ಸಿಟ್ಟೇನೂ ಇಲ್ಲ. ಕತ್ತಲ ಸಾಲಿನಲ್ಲಿ ಕುಳಿತ ಯಾರೋ ನಾನು ಹೇಗೆ ನಗುತ್ತೇನೆ, ಹೇಗೆ ನಡೆಯುತ್ತೇನೆ ಎಂದು ತೂಗುತ್ತಿರುತ್ತಾರೆ, ಆ ತೂಕದ ಮೇಲೆ ನನ್ನ ಬದುಕು ಯಾವ ಮನೆಯಲ್ಲಿ ಎಂಬುದು ತೀರ್ಮಾನವಾಗುತ್ತದೆ ಎಂಬುದನ್ನು ಮಾತ್ರ ನುಂಗಲು ಆಗಲಿಲ್ಲ. ಇದನ್ನು ಅಮ್ಮನಿಗೆ ಹೇಳಬೇಕಿತ್ತು. ನಾನು ಹೇಳಿದ್ದು, “ಹೂಂ, ನೋಡೋಣ.” ಮುಖ್ಯವಾದ ಮಾತುಗಳೆಲ್ಲ ನನ್ನ ಗಂಟಲಿನಲ್ಲಿ ಹೀಗೆಯೇ ಚಿಕ್ಕದಾಗಿಬಿಡುತ್ತವೆ.

ಮರುದಿನ ತಾಲೀಮಿಗೆ ಹೋದರೆ ಲ್ಯಾನ್ಸಿ ಅಂಕಲ್ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ನಾಟಕದಲ್ಲಿ ಮುಖ್ಯವಾಗಿ ಒಬ್ಬ ವಕೀಲ, ಅವನ ಮಗಳು, ಮತ್ತು ಮನೆಯ ಹಳೆಯ ಗುಮಾಸ್ತ. ಗುಮಾಸ್ತನ ಪಾತ್ರದವರನ್ನು ಅವರ ಕಂಪನಿ ಇದ್ದಕ್ಕಿದ್ದಂತೆ ಸೇತುವೆ ದಾಟಿಸಿ ಸೌದಿಗೆ ಕಳಿಸಿಬಿಟ್ಟಿತ್ತು.

ಅಂಕಲ್ ನನ್ನನ್ನೇ ನೋಡತೊಡಗಿದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

“ನಿಂಗೆ ಎಲ್ಲ ಡೈಲಾಗು ಬಾಯಿಪಾಠ ಉಂಟಲ್ಲ ಮಾರಾಯ್ತಿ!”

“ಅಂಕಲ್, ಅದು ಗಂಡಸಿನ ಪಾತ್ರ.”

“ಎಂತ ಗಂಡಸು? ಯಕ್ಷಗಾನದಲ್ಲಿ ಮೀಸೆ ಬೋಳಿಸಿ ದ್ರೌಪದಿ ಆಗುದಿಲ್ವಾ? ನೀನು ಮೀಸೆ ಅಂಟಿಸಿ ಗುಮಾಸ್ತ ಆಗು. ಲೆಕ್ಕ ಸಮಾ ಆಯ್ತು.”

“ನನಗೆ ಸ್ಟೇಜ್ ಮೇಲೆ ಬರೋಕೆ ಆಗಲ್ಲ ಅಂಕಲ್. ಕಾಲು ನಡುಗುತ್ತೆ.”

“ಮುದುಕನ ಕಾಲು ನಡುಗಿದ್ರೆ ಒಳ್ಳೇದೇ ಅಲ್ವಾ? ಆ್ಯಕ್ಟಿಂಗ್ ಅಂತ ತಿಳ್ಕೊಳ್ತಾರೆ.”

ಇನ್ನೊಮ್ಮೆ ಇಲ್ಲವೆನ್ನಲು ಬಾಯಿ ತೆರೆದೆ. ಆಗ ಹೊಳೆಯಿತು. ಧೋತರ, ಮಫ್ಲರು, ಮೀಸೆ, ದಪ್ಪ ಕನ್ನಡಕ. ಅವುಗಳ ಒಳಗೆ ನಾನೆಲ್ಲಿ ಇರುತ್ತೇನೆ? ಬುಸೈತೀನ್‌ನಿಂದ ಬಂದವರು ಹಾಲ್ ಪೂರ್ತಿ ಹುಡುಕಿದರೂ ಒಬ್ಬ ಹುಡುಗಿ ಸಿಗುವುದಿಲ್ಲ. ಅಡಗಿಕೊಳ್ಳಲು ಬೆಳಕಿನ ನಟ್ಟನಡುವಿಗಿಂತ ಒಳ್ಳೆಯ ಜಾಗವಿಲ್ಲ ಎಂದು ಗಿರಾಕಿ ಎಷ್ಟು ವರ್ಷದಿಂದ ಹೇಳುತ್ತ ಬಂದಿದ್ದರು!

“ಆಯ್ತು ಅಂಕಲ್,” ಎಂದೆ. ಅಂಕಲ್ ಬೆಚ್ಚಿಬಿದ್ದರು.

ಮನೆಯಲ್ಲಿ ಹೇಳಲಿಲ್ಲ. ಆ ರಾತ್ರಿ ಗಿರಾಕಿಯ ಹಳೆಯ ತುಣುಕುಗಳನ್ನು ಮತ್ತೆ ನೋಡಿದೆ, ಈ ಬಾರಿ ವಿದ್ಯಾರ್ಥಿನಿಯಾಗಿ. ಅವರು ಮುಖದಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಪ್ರತಿ ಪಾತ್ರಕ್ಕೂ ಒಂದೇ ಒಂದು ಅಭ್ಯಾಸ ಕೊಡುತ್ತಾರೆ. ಪಾದ್ರಿ ಮಾತಿಗೆ ಮೊದಲು ಕನ್ನಡಕ ಒರೆಸುತ್ತಾನೆ. ಟಿಕೆಟ್ ಕಲೆಕ್ಟರು ಎಲ್ಲರ ಮುಖದ ಬದಲು ಕೈಯನ್ನೇ ನೋಡುತ್ತಾನೆ. ಅಂಗಡಿಯವ ಉತ್ತರ ಕೊಡುವಾಗ ಗಲ್ಲಾಪೆಟ್ಟಿಗೆಯ ಮೇಲೆ ಕೈ ಊರಿರುತ್ತಾನೆ. ನನ್ನ ಗುಮಾಸ್ತನಿಗೂ ಒಂದು ಬೇಕಲ್ಲ. ಬಾಗಿಲ ಬಳಿ ಅಪ್ಪನ ಚಪ್ಪಲಿ ಕಂಡವು. ಹಾಕಿಕೊಂಡು ನಡೆದೆ. ದೊಡ್ಡ ಚಪ್ಪಲಿ ಕಳಚಿಹೋಗದಂತೆ ಹೆಬ್ಬೆರಳಿನಿಂದ ಹಿಡಿದುಕೊಂಡು ನಡೆದರೆ, ಜೀವನವಿಡೀ ಇನ್ನೊಬ್ಬರ ಹಿಂದೆ ಓಡಾಡಿದವನ ನಡಿಗೆ ತಾನಾಗಿ ಬಂತು. ಅವುಗಳನ್ನು ಚೀಲಕ್ಕೆ ಹಾಕಿದೆ, ಅಮ್ಮ ಇಸ್ತ್ರಿ ಮಾಡಿಟ್ಟ ಸೀರೆಯ ಮೇಲೆಯೇ. ನಾಟಕ ಮುಗಿದ ಮೇಲೆ ಉಟ್ಟುಕೊಂಡು ಹಾಲ್‌ಗೆ ಬಾ ಎಂದು ಅಮ್ಮ ಹೇಳಿದ್ದರು.

ನಾಟಕದ ದಿನ ವಕೀಲನ ಮಗಳ ಪಾತ್ರ ಮಾಡುತ್ತಿದ್ದ ರೇಷ್ಮಾಳ ಸೀರೆಯ ಮೇಲೆ ಯಾರೋ ಕರಕ್ ಚಹಾ ಚೆಲ್ಲಿದರು. ರೇಷ್ಮಾ ಇಲ್ಲಿ ನರ್ಸ್. ಆಸ್ಪತ್ರೆಯಲ್ಲಿ ಎಂಥ ರಕ್ತ ಕಂಡರೂ ಅಲ್ಲಾಡದವಳು ಆ ಕಲೆ ನೋಡಿ ಅಳತೊಡಗಿದಳು.

“ಈಗ ಎಂತ ಮಾಡುದು? ಗೌನ್ ಹಾಕಿ ಬರ್ಲಿಕ್ಕೆ ಆಗ್ತದಾ ವಕೀಲರ ಮಗಳು?” ಎಂದರು ಲ್ಯಾನ್ಸಿ ಅಂಕಲ್.

ನನ್ನ ಚೀಲದಲ್ಲಿ ಸೀರೆ ಇತ್ತು. ನಾನಂತೂ ಧೋತರದಲ್ಲಿದ್ದೆ. ಕೊಟ್ಟೆ. ಹಸಿರು ಇಳಕಲ್ಲಿನಲ್ಲಿ ಅವಳು ನನಗಿಂತ ಬಹಳ ಚೆನ್ನಾಗಿ ಕಂಡಳು. ರಮಾ ಆಂಟಿ ದಾವಣಗೆರೆಯ ಅಮ್ಮನಿಗೆ ನನ್ನ ಗುರುತಾಗಿ ಹೇಳಿದ್ದು ‘ಹಸಿರು ಇಳಕಲ್ ಸೀರೆ’ ಎಂಬ ಮಾತೊಂದನ್ನೇ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

“ಯಲ್ಲಾ, ಯಲ್ಲಾ! ಪರದೆ!” ಎಂದರು ಲ್ಯಾನ್ಸಿ ಅಂಕಲ್, ಹೋಟೆಲಿನ ಹುಡುಗರನ್ನು ಓಡಿಸುವ ದನಿಯಲ್ಲಿ.

ವೇದಿಕೆಗೆ ಹೋಗುವ ಕ್ಷಣವನ್ನು ವರ್ಣಿಸಲು ನನ್ನಿಂದಾಗದು. ಅಲ್ಲಿ ನಾನಿರಲಿಲ್ಲ. ಕಾಲು ನಿಜವಾಗಿಯೂ ನಡುಗಿತು. ಎಡ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆಯೇ ಉಳಿಯಿತು. ಗುಮಾಸ್ತ ನಿಂತ, ತಿರುಗಿ ಹೋದ, ಚಪ್ಪಲಿಗೆ ಕ್ಷಮೆ ಕೇಳುವವನಂತೆ ಬಾಗಿ ಅದನ್ನು ಮೆಟ್ಟಿಕೊಂಡ, ಆಮೇಲೆ ತನ್ನ ಸಾಲು ಹೇಳಿದ. ಹಾಲ್ ನಕ್ಕಿತು. ಆ ನಗು ನನ್ನ ಕಡೆ ಬಂದರೂ ನನ್ನನ್ನು ಮುಟ್ಟದೆ ಗುಮಾಸ್ತನ ಬಳಿ ಹೋಯಿತು. ಮಳೆಯಲ್ಲಿ ಕೊಡೆಯ ಕೆಳಗೆ ನಿಂತ ಹಾಗಿತ್ತು. ಆ ಮೇಲೆ ಹೆದರಿಕೆ ಎಲ್ಲಿ ಹೋಯಿತೋ.

ನಾಟಕ ಮುಗಿದಾಗ ಉಳಿದವರೆಲ್ಲ ಫೋಟೋಗೆ ಓಡಿದರು. ನಾನು ವೇದಿಕೆಯ ಪಕ್ಕದ ಕಿರಿದಾದ ಓಣಿಯಲ್ಲಿ, ಪೇರಿಸಿಟ್ಟ ಕುರ್ಚಿಗಳ ನಡುವೆ ಕುಳಿತೆ. ಅಲ್ಲಿ ದೀಪ ಮಂದವಾಗಿತ್ತು. ಆಗ ರೇಷ್ಮೆ ಸೀರೆಯ ಹಿರಿಯ ಹೆಂಗಸೊಬ್ಬರು ಅತ್ತಿತ್ತ ನೋಡುತ್ತ ಬಂದರು. ಕನ್ನಡಕ ನೆತ್ತಿಯ ಮೇಲಿತ್ತು. ಫೋಟೋಕ್ಕೆಂದು ಏರಿಸಿದ್ದು ಅಲ್ಲೇ ಉಳಿದಿರಬೇಕು.

“ತಾತ, ಬಹಳ ಚೆನ್ನಾಗಿ ಮಾಡಿದ್ರಿ,” ಎಂದರು. “ಊರಿಂದ ಬಂದಿದ್ದೀರಾ? ಮಗನ ಮನೆಗಾ?”

ನಾನು ತಲೆಯಾಡಿಸಿದೆ. ಹೌದೆಂದೂ ಆಗಬಹುದು, ಅಲ್ಲವೆಂದೂ ಆಗಬಹುದು.

ಅವರು ಹತ್ತಿರದ ಕುರ್ಚಿ ಎಳೆದುಕೊಂಡು ದನಿ ತಗ್ಗಿಸಿದರು. “ಒಂದು ಮಾತು ಕೇಳ್ಲಾ? ಹಿರಿಯರಿದ್ದೀರಿ, ನಿಜ ಹೇಳ್ತೀರಿ. ಆ ಹಸಿರು ಸೀರೆ ಹುಡುಗಿ, ಹುಬ್ಬಳ್ಳಿ ಎಂಜಿನಿಯರ್ ಮಗಳು. ಸ್ವಭಾವ ಹೇಗೆ? ನಾವು ಬುಸೈತೀನ್‌ನಿಂದ ಬಂದಿದ್ದೀವಿ. ನಮ್ಮ ಹುಡುಗನಿಗೆ ನೋಡೋಣ ಅಂತ.”

ಎಲ್ಲವೂ ಒಮ್ಮೆಗೇ ಅರ್ಥವಾಯಿತು. ನನ್ನ ಬಗ್ಗೆ ನನ್ನನ್ನೇ ವಿಚಾರಿಸುತ್ತಿದ್ದರು, ರೇಷ್ಮಾಳನ್ನು ತೋರಿಸಿ. ಲೆಕ್ಕಪತ್ರ ನೋಡುವವಳ ಬುದ್ಧಿ ಅಂಥ ಹೊತ್ತಿನಲ್ಲೂ ಕೆಲಸ ಬಿಡುವುದಿಲ್ಲ. ಪ್ರಶ್ನೆಯಲ್ಲಿ ಇಬ್ಬರಿದ್ದಾರೆ, ಒಬ್ಬಳ ಬಗ್ಗೆಯಾದರೂ ಖಚಿತ ಉತ್ತರ ಕೊಡಬಹುದು ಎನಿಸಿತು. ಗುಮಾಸ್ತನ ದನಿಯಲ್ಲಿ ಹೇಳಿದೆ.

“ಹಸಿರು ಸೀರೆ ಉಟ್ಟವಳಾ ತಾಯಿ? ಬಂಗಾರದಂಥಾ ಹುಡುಗಿ. ಅಗೋ, ಮೂರನೆ ಸಾಲಲ್ಲಿ ಮಗು ಎತ್ತಿಕೊಂಡು ನಿಂತಿದ್ದಾನಲ್ಲ, ಅವನೇ ಗಂಡ.”

“ಗಂಡನಾ!” ಎಂದರು ಆ ತಾಯಿ. “ಮಗೂನೂ ಇದೆಯಾ?”

“ಹಾಲುಹಲ್ಲು ಬಂದಿದೆ.”

ಅವರು ಎದ್ದ ರಭಸಕ್ಕೆ ಕನ್ನಡಕ ನೆತ್ತಿಯಿಂದ ಮೂಗಿಗೆ ಬಿತ್ತು. ಆದರೆ ಆಗ ಅವರು ತಿರುಗಿ ಹೊರಟಾಗಿತ್ತು.

ಮರುದಿನ ರಜೆ. ಬೆಳಿಗ್ಗೆ ಚಹಾ ಕುಡಿಯುವಾಗ ರಮಾ ಆಂಟಿಯ ಫೋನು ಬಂತು. ಕೈಯೆಲ್ಲ ಹಿಟ್ಟಾಗಿದ್ದುದರಿಂದ ಅಮ್ಮ ಸ್ಪೀಕರ್ ಹಾಕಿದರು.

“ರೀ, ಏನ್ರೀ ಇದು? ನಿಮ್ಮ ಮಗಳಿಗೆ ಮದುವೆ ಆಗಿದ್ಯಂತೆ! ಬೇಬಿನೂ ಇದ್ಯಂತೆ! ನಾನು ಗೇಟ್ ಹತ್ರ ಪಾರ್ಕಿಂಗ್ ಸಿಗ್ದೆ ಲೇಟ್ ಆದೆ, ಅಷ್ಟ್ರಲ್ಲಿ ಇಷ್ಟೆಲ್ಲಾ! ಅವ್ರಿಗೆ ನಾನು ಯಾವ ಮುಖ ತೋರಿಸ್ಲಿ? ಯಾರೋ ವಯಸ್ಸಾದೋರು, ತುಂಬಾ ರೆಸ್ಪೆಕ್ಟಬಲ್ ತಾತ ಒಬ್ರು ಕನ್‌ಫರ್ಮ್ ಮಾಡಿದ್ರಂತೆ!”

ಅಪ್ಪನ ಚಹಾ ಮೂಗಿಗೆ ಹತ್ತಿತು. ರೇಷ್ಮಾಳ ಬಗ್ಗೆ ನಾನು ಹೇಳಿದ್ದು ನಿಜವೇ ಆದರೂ, ಜನರ ಮುಂದೆ ಮಾತಿಲ್ಲದಂತೆ ಆಗುವುದು ಅಮ್ಮನಿಗೆ ತಾನೇ. ಅವರ ಮುಖ ನೋಡಲು ಧೈರ್ಯವಾಗಲಿಲ್ಲ.

ಅಮ್ಮ ಹಿಟ್ಟು ನಾದುತ್ತಲೇ ಹೇಳಿದರು. “ರಮಾ, ನನ್ನ ಮಗಳದು ಲಗ್ನ ಆಗಿಲ್ರಿ. ಸೀರಿ ಬ್ಯಾರೆಯವರು ಉಟ್ಟಿದ್ರು. ಅವರು ಸೀರಿ ನೋಡಿದ್ರು. ನನ್ನ ಮಗಳು ಆ ಮುದುಕ.”

ಅಪ್ಪ ನನ್ನನ್ನು ಮೊದಲ ಬಾರಿ ನೋಡುವವರಂತೆ ನೋಡುತ್ತಿದ್ದರು.

“ಆ ಗುಮಾಸ್ತ ನೀನಾ?” ಎಂದರು. “ನಾ ನಿಮ್ಮವ್ವಗ ಹೇಳಿದ್ನೆಲ್ಲ, ಈ ಮುದುಕ ಛೊಲೊ ಮಾಡ್ತಾನ, ಎಲ್ಲೆ ಹಿಡಿದು ತಂದಾರ ಇಂವನ್ನ ಅಂತ!”

“ನನಗ ಆವಾಗಾ ಗೊತ್ತಾತು,” ಎಂದರು ಅಮ್ಮ. “ಚಪ್ಪಲಿ ನಿಮ್ಮವು. ಮುಂಜಾನಿಂದ ಹುಡುಕಾಕತ್ತಿದ್ರೆಲ್ಲ.”

ಅಂದರೆ ಅಮ್ಮ ನನ್ನ ಮೊದಲ ಹೆಜ್ಜೆಗೇ ಎಲ್ಲವನ್ನೂ ಕಂಡಿದ್ದರು. ಸೀರೆ ರೇಷ್ಮಾಳ ಮೈಮೇಲಿದ್ದುದನ್ನೂ, ಮುಂದಿನ ಸಾಲಿನ ಹೆಂಗಸು ಅವಳನ್ನೇ ಬೆರಳು ಮಾಡಿ ಪಕ್ಕದವರಿಗೆ ತೋರಿಸುತ್ತಿದ್ದುದನ್ನೂ ಕಂಡಿದ್ದರು. ಒಂದು ಮಾತು ಹೇಳಿದ್ದರೆ ಸರಿಹೋಗುತ್ತಿತ್ತು.

“ಮತ್ತ ಯಾಕ ಹೇಳ್ಲಿಲ್ಲ ಅಮ್ಮ?” ಎಂದೆ. ಮನೆಯಲ್ಲಿ ನನ್ನ ಮಾತೂ ಹುಬ್ಬಳ್ಳಿಗೇ ಹೊರಳುತ್ತದೆ.

ಅಮ್ಮ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಟ್ಟುತ್ತ ನಿಂತರು. “ಮುದುಕನ ವ್ಯಾಷದಾಗ ನೀ ಎಷ್ಟು ಆರಾಮ ಇದ್ದಿ. ಮೀಸಿ ಹಚ್ಚಿಕೊಂಡಾದ್ರೂ ತಪ್ಪಿಸಿಕೊಬೇಕು ಅನ್ನೂವಷ್ಟು ಬ್ಯಾಡಾಗಿತ್ತೇನು ನಿನಗ, ಅನಿಸ್ತು. ನನ್ನೂ ಹಿಂಗ ನೋಡಿದ್ರು. ಗದಗಿನ್ಯಾಗ ಯಾರದೋ ಲಗ್ನ. ನಾ ಪಂಕ್ತಿಗೆ ಕುಂತು ಉಣ್ಣಾಕತ್ತಿದ್ದೆ. ನನಗ ಗೊತ್ತಾ ಇಲ್ಲ. ಎರಡು ಸಲ ನೀಡಿಸಿಕೊಂಡು ಉಂಡೀನಿ. ತಿಂಗಳಾದ ಮ್ಯಾಲೆ ಹೇಳ್ತಾರ, ಎದುರಿಗೆ ಕುಂತು ನೋಡಿ ಹೋಗ್ಯಾರ ಅಂತ. ಇವತ್ತಿಗೂ ಮಂದ್ಯಾಗ ಕುಂತ್ರ ನನಗ ಅರ್ಧ ಊಟಾನ.”

“ಛೊಲೊ ಉಣ್ತಾಳ, ಗಟ್ಟಿ ಅದಾಳ ಅಂತ ನಮ್ಮವ್ವ ಅವತ್ತ ಒಪ್ಪಿಬಿಟ್ಲು,” ಎಂದರು ಅಪ್ಪ ಹೆಮ್ಮೆಯಿಂದ.

“ನೀವು ಸುಮ್ಮ ಕುಂದರ್ರಿ.”

ನಿಧಾನವಾಗಿ ಅಪ್ಪನ ಮುಖದ ಹೆಮ್ಮೆ ಇಳಿಯಿತು. ಅಷ್ಟು ವರ್ಷ ಮದುವೆಯ ಮನೆಗಳಲ್ಲಿ ಅಮ್ಮನ ಎಲೆಯಲ್ಲಿ ಉಳಿಯುತ್ತಿದ್ದ ಅರ್ಧ ಹೋಳಿಗೆಯನ್ನು ಎತ್ತಿ ತಿನ್ನುತ್ತಿದ್ದವರು ಅವರೇ.

ಫೋನು ಇನ್ನೂ ಚಾಲೂ ಇತ್ತು. “ಹಲೋ? ಹಲೋ?” ಎಂದಿತು ರಮಾ ಆಂಟಿಯ ದನಿ. “ಹಾಗಾದ್ರೆ ಒಳ್ಳೇದೇ ಆಯ್ತಲ್ರೀ! ಕನ್‌ಫ್ಯೂಷನ್ ಅಷ್ಟೆ. ಮುಂದಿನ ತಿಂಗಳು ನಮ್ಮ ಪಾಪು ಬರ್ತ್‌ಡೇ ಇದೆ, ಆಗ ಇನ್ನೊಂದ್ಸಲ ದೂರದಿಂದ ತೋರಿಸಿಬಿಡೋಣ.”

“ಬ್ಯಾಡ್ರಿ ರಮಾ,” ಎಂದರು ಅಮ್ಮ. ಜಗಳದ ದನಿಯಲ್ಲ, ತರಕಾರಿಯವನಿಗೆ ಇವತ್ತು ಬದನೆಕಾಯಿ ಬೇಡ ಎನ್ನುವ ದನಿ. “ದೂರದಿಂದ ನೋಡೂದು ಇಲ್ಲಿಗೆ ಮುಗೀತು. ಯಾರಿಗರ ಬೇಕಿದ್ರ ಹಗಲ ಹೊತ್ನ್ಯಾಗ ಮನಿಗೆ ಬರ್ಲಿ, ಎದುರಿಗೆ ಕುಂತು ಅಕಿ ಜೋಡಿ ಮಾತಾಡ್ಲಿ. ಅದೂ ಅಕಿ ಹೂಂ ಅಂದ್ರ. ಇಡ್ತೀನಿ, ಹಂಚು ಕಾದೈತಿ.”

ನಿಜಕ್ಕೂ ಹಂಚು ಕಾದಿತ್ತು. ಅಮ್ಮ ಮೊದಲ ರೊಟ್ಟಿ ಬಡಿದು ಹಾಕಿದರು. ನಾನು ಬೆಣ್ಣೆಯ ಡಬ್ಬಿ ತಂದು ಅವರ ಪಕ್ಕದಲ್ಲಿಟ್ಟೆ. ಅಮ್ಮ ತಿರುಗಿ ನೋಡದೆಯೇ ಉಬ್ಬಿದ ರೊಟ್ಟಿಯನ್ನು ತಟ್ಟೆಗೆ ಹಾಕಿ, ಮೇಲೊಂದು ಬೆಣ್ಣೆಯ ಉಂಡೆ ಇಟ್ಟು ನನ್ನ ಕಡೆ ಸರಿಸಿದರು. ಇನ್ನೊಂದನ್ನು ತಮ್ಮ ತಟ್ಟೆಗೂ ಹಾಕಿಕೊಂಡರು.

ನಾವಿಬ್ಬರೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಿಂದೆವು. ಯಾರೂ ನೋಡುತ್ತಿರಲಿಲ್ಲ. ಅಮ್ಮ ಎರಡನೆಯ ರೊಟ್ಟಿಯನ್ನೂ ಹಾಕಿಕೊಂಡು ಪೂರ್ತಿ ತಿಂದರು.